ನ್ಯೂ ಗ್ಲಾರಸ್‌ಗೆ ಅಪ್ಪ-ಅಮ್ಮನ್ನ ಕರ್ಕೊಂಡು ಹೋಗೋದು: ಏನು ನೋಡೋದು, ಏನು ತಿನ್ನೋದು?

ಪ್ರಶ್ನೆ: ಶಿಕಾಗೋದಲ್ಲಿದ್ದೇವೆ. ಮುಂದಿನ ವಾರ ಹಾಸನದಿಂದ ಅಪ್ಪ-ಅಮ್ಮ ಬರ್ತಿದ್ದಾರೆ. ಅಪ್ಪ ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು, "ಅಲ್ಲಿಯ ಹಳ್ಳಿ ತೋರ್ಸು" ಅಂತಿದ್ದಾರೆ. ವಿಸ್ಕಾನ್ಸಿನ್‌ನ ಸ್ವಿಸ್ ಹಳ್ಳಿ ನ್ಯೂ ಗ್ಲಾರಸ್ ಅಂದ್ಕೊಂಡಿದ್ದೀವಿ. ಇಬ್ಬರೂ ಸಸ್ಯಾಹಾರಿಗಳು, ಅಮ್ಮನಿಗೆ ಮಂಡಿ ನೋವು. ಒಂದೇ ದಿನ ಇದೆ. ಗೊತ್ತಿದ್ದವರು ತಿಳಿಸಿ.

ಉತ್ತರ: ಒಳ್ಳೆ ಆಯ್ಕೆ. ಆದರೆ ಮರದ ಬಾಲ್ಕನಿ, ಹೂಕುಂಡದ ಮುಂದೆ ಫೋಟೋ ತೆಗೆದು ವಾಪಸ್ ಬರಬೇಡಿ. ಆ ಅಲಂಕಾರ ಹೆಚ್ಚಿದ್ದೇ 1962ರಲ್ಲಿ ಊರಿನ ಹಾಲಿನ ಕಾರ್ಖಾನೆ ಮುಚ್ಚಿ, ಪ್ರವಾಸಿಗರನ್ನ ನೆಚ್ಚಿಕೊಳ್ಳಬೇಕಾದ ಮೇಲೆ. ನಿಮ್ಮ ತಂದೆಯವರಿಗೆ ಹಿಡಿಸೋದು ಅದರ ಹಿಂದಿನ ಕಥೆ. ಸ್ವಿಟ್ಜರ್ಲೆಂಡಿನ ಗ್ಲಾರಸ್ ಸೀಮೆಯಲ್ಲಿ ಬದುಕು ಕಷ್ಟವಾಗಿ 1845ರಲ್ಲಿ ಜನ ಇಲ್ಲಿಗೆ ಬಂದರು. ಮೊದಲು ಗೋಧಿ ಬೆಳೆದರು. ಮಣ್ಣಿನ ಸಾರ ಹೋಯ್ತು, ತಿಗಣೆ ಜಾತಿಯ ಕೀಟ ಬಿತ್ತು, ಆಮೇಲೆ ಹಸು ಕಟ್ಟಿದರು. ಹಾಲು ದೂರ ಸಾಗಿಸಿದರೆ ಕೆಡುತ್ತೆ, ಚೀಸ್ ಕೆಡಲ್ಲ. ಊರಿಗೆ ಚೀಸ್ ಬಂದದ್ದು ಹೀಗೆ.

ಊರಲ್ಲೇ ಸ್ವಿಸ್ ಹಿಸ್ಟಾರಿಕಲ್ ವಿಲೇಜ್ ಅಂತ ಬಯಲು ಮ್ಯೂಸಿಯಂ ಇದೆ, ಅದರಲ್ಲಿ 14 ಕಟ್ಟಡಗಳಿವೆ. ಅಮ್ಮನಿಗೆ ಎಲ್ಲ ಸುತ್ತೋದು ಬೇಡ, ಚೀಸ್ ಮನೆ, ಮರದ ದಿಮ್ಮಿಯ ಮನೆ, ಶಾಲೆ ಸಾಕು. ಚಳಿಗಾಲದಲ್ಲಿ ಮುಚ್ಚಿರುತ್ತೆ, ಹೊರಡೋ ಮುಂಚೆ ಫೋನ್ ಮಾಡಿ.

ಉತ್ತರ: ಮೊದಲು ಮನ್ರೋಗೆ ಹೋಗಿ, ಆಮೇಲೆ 69ನೇ ಹೆದ್ದಾರಿ ಹಿಡಿದು ನ್ಯೂ ಗ್ಲಾರಸ್‌ಗೆ ಬನ್ನಿ, ಅರ್ಧ ಗಂಟೆಯೊಳಗೆ ದಾರಿ. ಮನ್ರೋದ ಹಳೇ ರೈಲ್ವೆ ಸ್ಟೇಷನ್‌ನಲ್ಲಿ ಚೀಸ್ ಮ್ಯೂಸಿಯಂ ಇದೆ. ಪಕ್ಕದಲ್ಲೇ ಒಬ್ಬ ರೈತರ ಜಮೀನಿನಲ್ಲಿದ್ದ ಪುಟ್ಟ ಚೀಸ್ ಕಾರ್ಖಾನೆಯನ್ನ ಇಡಿಯಾಗಿ ತಂದಿಟ್ಟಿದ್ದಾರೆ. ಅಲ್ಲಿನ ತಾಮ್ರದ ಕೊಪ್ಪರಿಗೆ ಮುಂದೆ ಅಪ್ಪನವರನ್ನ ನಿಲ್ಲಿಸಿ. ಹಾಲು ಉಗುರು ಬೆಚ್ಚಗೆ ಮಾಡಿ ರೆನೆಟ್ (ಹಾಲು ಒಡೆದು ಗಟ್ಟಿ ಮಾಡೋ ಪದಾರ್ಥ) ಹಾಕ್ತಿದ್ದರು, ಅರ್ಧ ಗಂಟೆಯಲ್ಲಿ ಗಟ್ಟಿಯಾಗೋದು. ತಂತಿ ಕಟ್ಟಿದ ಚೌಕಟ್ಟಿನಿಂದ ಕಾಳಿನಷ್ಟು ಸಣ್ಣಗೆ ಕತ್ತರಿಸಿ, 50 ಡಿಗ್ರಿ ದಾಟುವ ತನಕ ಕಾಯಿಸಿ ಕಲಕ್ತಿದ್ದರು. ಆಮೇಲೆ ಬಟ್ಟೆಯನ್ನ ತಳದಿಂದ ತೂರಿಸಿ ಗಟ್ಟಿಯನ್ನೆಲ್ಲ ಒಟ್ಟಿಗೆ ಎತ್ತಿ ಅಚ್ಚಿಗೆ ಹಾಕೋದು. 10 ಲೀಟರ್ ಹಾಲಿಗೆ ಹೆಚ್ಚುಕಮ್ಮಿ 1 ಕಿಲೋ. ಸ್ವಿಸ್ ಚೀಸಿನ ತೂತುಗಳು ಬೆಚ್ಚಗಿನ ಕೋಣೆಯಲ್ಲಿಟ್ಟಾಗ ಬ್ಯಾಕ್ಟೀರಿಯಾ ಬಿಡುವ ಗಾಳಿಯಿಂದ ಆಗ್ತವೆ.

ಉತ್ತರ: ಮೇಲಿನವರು ರೆನೆಟ್ ಅಂದರಲ್ಲ, ಅದನ್ನ ಗಮನಿಸಿ. ನಾವು ಮೊಸರಿಗೆ ಹೆಪ್ಪು ಹಾಕೋ ಹಾಗೆ ಇದು ಚೀಸ್‌ಗೆ. ಹಳೇ ಪದ್ಧತಿಯಲ್ಲಿ ಅದನ್ನ ಕರುವಿನ ಹೊಟ್ಟೆಯಿಂದ ತೆಗೀತಾರೆ. ಲೇಬಲ್ ಮೇಲೆ ಬರೀ "ಎಂಜೈಮ್ಸ್" ಅಂತಿದ್ದರೆ ಯಾವುದರದ್ದು ಅಂತ ಗೊತ್ತಾಗಲ್ಲ. "ಮೈಕ್ರೋಬಿಯಲ್" ಅಥವಾ "ವೆಜಿಟೇರಿಯನ್ ರೆನೆಟ್" ಅಂತಿದ್ದರೆ ಮಾತ್ರ ತಗೊಳ್ಳಿ, ಇಲ್ಲಾಂದ್ರೆ ಅಂಗಡಿಯವರನ್ನ ಕೇಳಿ. ಫಾಂಡ್ಯೂಗೆ (ಬ್ರೆಡ್ ಅದ್ದಿ ತಿನ್ನೋ ಕರಗಿಸಿದ ಚೀಸ್) ವೈನ್ ಹಾಕ್ತಾರೆ. ರೋಸ್ಟಿ ಅಂದರೆ ತುರಿದ ಆಲೂಗಡ್ಡೆಯನ್ನ ದಪ್ಪ ದೋಸೆ ಥರ ಹುರಿದದ್ದು, ಕೆಲವು ಕಡೆ ಬೇಕನ್ (ಹಂದಿಮಾಂಸ) ಸೇರಿಸ್ತಾರೆ, ಮೊದಲೇ ಬೇಡ ಅನ್ನಿ. ಕರಿದ ಚೀಸ್ ಕರ್ಡ್ಸ್‌ಗೆ ಬಿಯರ್ ಹಿಟ್ಟು ಇರಬಹುದು, ಎಣ್ಣೆ ಕೂಡ ಮೀನು-ಕೋಳಿ ಕರಿದದ್ದೇ ಇರಬಹುದು.

ಕರಿಯದ ಕರ್ಡ್ಸ್ ತಗೊಳ್ಳಿ (ಹೆಸರು ಕೇಳಿ ಮೊಸರು ಅಂದ್ಕೋಬೇಡಿ, ಚೀಸಿನ ತುಂಡುಗಳು). ಹೊಸದಾಗಿದ್ದರೆ ಹಲ್ಲಿನಡಿ ಕೀಚ್ ಕೀಚ್ ಅನ್ನುತ್ತೆ. ಫ್ರಿಜ್ಜಲ್ಲಿ ಒಂದೆರಡು ದಿನ ಇಟ್ಟರೆ ಸದ್ದು ಹೋಗುತ್ತೆ, ಮೈಕ್ರೋವೇವ್‌ನಲ್ಲಿ ಕೆಲವೇ ಸೆಕೆಂಡ್ ಬಿಸಿ ಮಾಡಿದರೆ ಸ್ವಲ್ಪ ಮರಳುತ್ತೆ.

ಉತ್ತರ: ಒಂದು ಮಾತು ದಯವಿಟ್ಟು ಮರೀಬೇಡಿ. ದಾರಿಯಲ್ಲಿ ಹಸು ಕಂಡ ತಕ್ಷಣ ಅಪ್ಪಾವ್ರು ಇಳಿದು ಕೊಟ್ಟಿಗೆಗೆ ಹೋಗೋದು ಬೇಡ. ನಮ್ಮಲ್ಲಿ ಕಾಲುಬಾಯಿ ಜ್ವರ ಇದೆ, ಅಮೆರಿಕಾದಲ್ಲಿ 1929ರಿಂದ ಇಲ್ಲ. ಊರಿನ ಕೊಟ್ಟಿಗೆಯಲ್ಲಿ ಓಡಾಡಿದ ಚಪ್ಪಲಿ ತರೋದೇ ಬೇಡ. ವಿಮಾನ ನಿಲ್ದಾಣದಲ್ಲಿ ಕೇಳಿದಾಗ ಹಸು ಸಾಕ್ತೀವಿ ಅಂತ ನಿಜ ಹೇಳಲಿ. ಬಂದ ಮೇಲೆ ಕನಿಷ್ಠ 5 ದಿನ ಯಾವ ದನದ ಹತ್ತಿರಾನೂ ಹೋಗದಿದ್ದರೆ ಒಳ್ಳೇದು. ಆದ್ದರಿಂದ ಪ್ರವಾಸವನ್ನ ಎರಡನೇ ವಾರಕ್ಕೆ ಇಟ್ಕೊಳ್ಳಿ, ಡೇರಿ ಫಾರ್ಮ್‌ನವರಿಗೆ ಮೊದಲೇ ಫೋನ್ ಮಾಡಿ ಒಪ್ಪಿಗೆ ತಗೊಳ್ಳಿ. ಬ್ರೌನ್ ಸ್ವಿಸ್ ತಳಿ ಇರುವ ಕಡೆ ಕೇಳಿ ನೋಡಿ; ಎಚ್ಚೆಫ್, ಜರ್ಸಿ ನೋಡಿದವರಿಗೆ ಆ ಬೂದುಗಂದು ಬಣ್ಣದ ಹಸು ಹೊಸದು.