ಜ್ವರಕ್ಕೆ ಯಾವ ಟೆಸ್ಟ್? ಡಾಕ್ಟರನ್ನು ಕೇಳಿ

ಸದಸ್ಯೆ, ಬೀದರ್: ಡಾಕ್ಟ್ರೇ, ಮಗನಿಗೆ ನಿನ್ನೆಯಿಂದ ಜ್ವರ. ಟೈಫಾಯ್ಡ್ ನೋಡುವ ವಿಡಾಲ್ ಟೆಸ್ಟ್ ಮಾಡಿಸಲಾ?

ಡಾಕ್ಟರ್: ಬೇಡಮ್ಮ. ಒಂದೇ ದಿನಕ್ಕೆ ಅದರಲ್ಲಿ ಏನೂ ತಿಳಿಯಲ್ಲ, ಹಳೇ ಟೈಫಾಯ್ಡ್ ಆಗಿದ್ದರೂ ಪಾಸಿಟಿವ್ ಬರಬಹುದು. ಮಗು ಮಂಕಾದರೆ, ನೀರು ಕುಡಿಯದಿದ್ದರೆ ಇವತ್ತೇ ತೋರಿಸಿ.

ಸದಸ್ಯ, ಶಹಾಪುರ: ನಮಸ್ಕಾರ ಸರ್. ಅಪ್ಪನಿಗೆ ಮೂರು ವಾರದಿಂದ ಜ್ವರ. ಸಂಜೆ ಏರುತ್ತೆ, ರಾತ್ರಿ ಅಂಗಿ ಹಿಂಡುವಷ್ಟು ಬೆವರು. ಟೊಂಕ ಹಿಡಿದಿದೆ. ಟೈಫಾಯ್ಡ್ ಅಂತ ಎರಡು ಸಲ ಇಂಜೆಕ್ಷನ್ ಕೋರ್ಸ್ ಆಯ್ತು. ಮಲೇರಿಯಾ, ಡೆಂಗಿ ಎರಡೂ ನೆಗೆಟಿವ್.

ಡಾಕ್ಟರ್: ಮನೇಲಿ ಕುರಿ ಇವೆಯಾ?

ಸದಸ್ಯ, ಶಹಾಪುರ: ಇವೆ ಸರ್. ಹೋದ ತಿಂಗಳು ಒಂದೆರಡು ಕಂದು ಹಾಕಿದವು. ಅಪ್ಪನೇ ಬರಿಗೈಲಿ ಎಳೆದು ತೆಗೆದರು.

ಸದಸ್ಯ, ಸೇಡಂ: ಪಪ್ಪಾಯಿ ಎಲೆ ರಸ ಎರಡು ಚಮಚ ಕುಡಿಸಿ. ಪ್ಲೇಟ್ಲೆಟ್ ಏರುತ್ತೆ, ಟೆಸ್ಟೇ ಬೇಡ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಶಹಾಪುರದವರೇ, ಗಮನ ಕೊಟ್ಟು ಓದಿ. ಇದು ಬ್ರುಸೆಲ್ಲಾ ಇರಬಹುದು, ಕುರಿ, ದನಗಳಿಂದ ಮನುಷ್ಯರಿಗೆ ಬರುವ ರೋಗ. ಕಂದು ಹಾಕಿದ ಕುರಿಯ ಮಾಸು, ಗರ್ಭದ ನೀರು ಮುಟ್ಟಿದರೆ ಬರುತ್ತೆ, ಹಸಿ ಹಾಲಿನಿಂದಲೂ ಬರುತ್ತೆ. ಸಾಮಾನ್ಯ ಜ್ವರದ ಪ್ಯಾಕೇಜಿನಲ್ಲಿ ಈ ಟೆಸ್ಟ್ ಇರಲ್ಲ, ಹೆಸರು ಹೇಳಿ ಕೇಳಬೇಕು. ಮೊದಲು ರೋಸ್ ಬೆಂಗಾಲ್, ಆಮೇಲೆ ಟ್ಯೂಬ್ ಅಗ್ಲುಟಿನೇಷನ್, ಎರಡೂ ರಕ್ತದ ಟೆಸ್ಟ್. ಬ್ಲಡ್ ಕಲ್ಚರ್ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಟೆಸ್ಟ್) ಕಳಿಸಿದರೆ ಕುರಿ ವಿಷಯ ಲ್ಯಾಬಿನವರಿಗೆ ಹೇಳಲೇಬೇಕು. ಇದು ನಿಧಾನ ಬೆಳೆಯುವ ರೋಗಾಣು, ಎಚ್ಚರ ತಪ್ಪಿದರೆ ಲ್ಯಾಬಿನವರಿಗೇ ಅಂಟುತ್ತೆ. ಜೊತೆಗೆ ಎದೆ ಎಕ್ಸ್‌ರೇ, ಕಫ ಬರುತ್ತಿದ್ದರೆ ಕಫ ಪರೀಕ್ಷೆ, ಯಾಕಂದ್ರೆ ಟಿಬಿಯೂ ಹೀಗೇ ಕಾಣುತ್ತೆ. ಅಂದಾಜಿನ ಮೇಲೆ ಟಿಬಿ ಗುಳಿಗೆ ಶುರು ಮಾಡಿಸಬೇಡಿ. ಅದರಲ್ಲಿರುವ ರಿಫಾಂಪಿಸಿನ್ ಬ್ರುಸೆಲ್ಲಾಗೂ ಸ್ವಲ್ಪ ಕೆಲಸ ಮಾಡುತ್ತೆ, ಜ್ವರ ಇಳಿದರೆ ಯಾವ ರೋಗ ಅಂತ ಗೊತ್ತೇ ಆಗಲ್ಲ. ಯಾದಗಿರಿಯಲ್ಲಿ ಆಗದಿದ್ದರೆ ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಸದಸ್ಯ, ಆಳಂದ: ವಿಡಾಲ್ 1:160 ಬಂದಿದೆ ಸರ್, ಟೈಫಾಯ್ಡಾ?

ಡಾಕ್ಟರ್: ಮೇಲೆ ಓದಿ, ವಿಡಾಲ್ ಒಂದರಿಂದಲೇ ಹೇಳಲಾಗಲ್ಲ. ಆಂಟಿಬಯಾಟಿಕ್‌ಗೆ ಮೊದಲು ಬ್ಲಡ್ ಕಲ್ಚರ್.



ಸದಸ್ಯ, ಸೇಡಂ: ಎಲ್ಲಾ ಲ್ಯಾಬ್ ಕಮಿಷನ್ ಆಟ. ನಮ್ಮಜ್ಜ ಒಂದೂ ಟೆಸ್ಟ್ ಮಾಡಿಸಿರಲಿಲ್ಲ.

ಸದಸ್ಯ, ಕಲಬುರಗಿ: ಕಾಕಾ, ನಿಮ್ಮಜ್ಜನ ಜೊತೆ ಹುಟ್ಟಿದವರಲ್ಲಿ ಎಷ್ಟು ಜನ ಉಳಿದಿದ್ದರು, ಅದನ್ನೂ ಹೇಳಿ.

ಸದಸ್ಯ, ಸೇಡಂ: ಹಿರಿಯರ ಜೊತೆ ನೆಟ್ಟಗೆ ಮಾತಾಡಪ್ಪಾ.

ಸದಸ್ಯ, ಕಲಬುರಗಿ: ಫಾರ್ವರ್ಡ್ ಮಾಡೋದು ಬಿಡಿ, ಮಾತಾಡ್ತೀನಿ.

ಡಾಕ್ಟರ್: ಇಬ್ಬರೂ ಸುಮ್ನಿರಿ. ಡೆಂಗಿಯಲ್ಲಿ ಜ್ವರ ಇಳಿದ ಮೇಲೇ ಅಪಾಯ ಜಾಸ್ತಿ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಪಪ್ಪಾಯಿ ಎಲೆ ಅರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನೋವಿನ ಗುಳಿಗೆ ಬೇಡ.

ಸದಸ್ಯ, ಜೇವರ್ಗಿ: ಡೆಂಗಿಗೆ ಯಾವ ಟೆಸ್ಟ್?

ಡಾಕ್ಟರ್: ಮೊದಲ ಐದು ದಿನ ಎನ್‌ಎಸ್‌1, ಆಮೇಲೆ ಐಜಿಎಂ, ಎರಡೂ ರಕ್ತದ ಟೆಸ್ಟ್. ಮೂರನೇ ಸಲ ಬರೀತಿದೀನಿ.

ಸದಸ್ಯ, ಶಹಾಪುರ: ನಾಳೆ ಕರೆದುಕೊಂಡು ಹೋಗ್ತೀವಿ ಸರ್. ನನ್ನ ತಂಗಿ ಬಸುರಿ, ಇಲ್ಲೇ ಇದ್ದಾಳೆ.

ಡಾಕ್ಟರ್: ಕುರಿದೊಡ್ಡಿ ಕಡೆ ಬಿಡಬೇಡಿ, ಹಸಿ ಹಾಲು ಕೊಡಬೇಡಿ. ಅವಳದೂ ರಕ್ತ ಪರೀಕ್ಷೆ ಮಾಡಿಸಿ. ಪಶುವೈದ್ಯರಿಗೂ ಹೇಳಿ.