ಲ್ಯಾಟಿನ್ ‘ರೂಟ್’ಗೆ ಕನ್ನಡದಲ್ಲಿ ಏನನ್ನೋದು: ಧಾತುನಾ, ಬೇರಾ?

ಎಲ್ರಿಗೂ ನಮಸ್ಕಾರ. ನಂಗೆ ಎರಡು ಪದ ಬೇಕಾಗಿವೆ. ಯಾಕೆ ಅಂತ ಹೇಳಿದ್ರೇನೇ ಸರಿ ಪದ ಸಿಗೋದು, ಅದಕ್ಕೆ ಸ್ವಲ್ಪ ಉದ್ದ ಬರೀತಿದೀನಿ.

ಸಂಜೆ ಹೊತ್ತು ಕನ್ನಡ ಮೀಡಿಯಂ ಹೈಸ್ಕೂಲಿನ ಏಳೆಂಟು ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡ್ತೀನಿ. ಪದಗಳನ್ನ ಉರು ಹೊಡೆಸೋದು ಬಿಟ್ಟು ಲ್ಯಾಟಿನ್ ಮೂಲದಿಂದ ಹೇಳ್ಕೊಡೋಣ ಅಂತ ಈ ವರ್ಷ ಶುರು ಮಾಡಿದೆ. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಲ್ಲಾ ಒಂದೇ ‘ಹೃ’ ಧಾತುವಿಂದ ಬಂದಿದ್ದು, ಮುಂದೆ ಸೇರೋ ಉಪಸರ್ಗ ಅರ್ಥಾನ ಎಲ್ಲೆಲ್ಲಿಗೋ ಎಳ್ಕೊಂಡು ಹೋಗತ್ತೆ ಅಂತ ಬೋರ್ಡ್ ಮೇಲೆ ಬರೆದು, ಪಕ್ಕದಲ್ಲೇ ಇನ್‌ಸ್ಪೆಕ್ಟ್, ಸಸ್ಪೆಕ್ಟ್, ರೆಸ್ಪೆಕ್ಟ್, ಪ್ರಾಸ್ಪೆಕ್ಟ್ ಬರೆದೆ. ‘ಸ್ಪೆಕ್ಟ್’ ಅಂದ್ರೆ ನೋಡೋದು, ಒಳಗೆ ನೋಡು, ಕೆಳಗಿಂದ ನೋಡು, ತಿರುಗಿ ನೋಡು, ಮುಂದಕ್ಕೆ ನೋಡು. ಒಬ್ಬ ಹುಡುಗ ತಕ್ಷಣ ‘ಹಂಗಾದ್ರೆ ನಮ್ಮ ತಾತನ ಸ್ಪೆಕ್ಟ್ಸ್ ಕೂಡ ಅದೇನಾ ಸರ್’ ಅಂದ. ಅವತ್ತು ನಂಗೆ ಆದ ಖುಷಿ ಅಷ್ಟಿಷ್ಟಲ್ಲ!

ತೊಂದರೆ ಶುರುವಾಗಿದ್ದು ‘ಪೆಡ್’ನಿಂದ. ಲ್ಯಾಟಿನ್‌ನಲ್ಲಿ ಪೆಡ್ ಅಂದ್ರೆ ಪಾದ, ಪೆಡಲ್, ಪೆಡೆಸ್ಟ್ರಿಯನ್ ಎಲ್ಲಾ ಅದರಿಂದ್ಲೇ, ನಮ್ಮ ‘ಪಾದ’ಕ್ಕೂ ಅದಕ್ಕೂ ಒಂದೇ ಪೂರ್ವಜ ಭಾಷೆ ಅಂತ ಹೇಳಿದೆ (ಸಂಸ್ಕೃತದಿಂದ ಲ್ಯಾಟಿನ್ ಹುಟ್ಟಿತು ಅಂತ ಹೇಳಲ್ಲ ನಾನು, 1786ರಲ್ಲೇ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಅನ್ನೋ ಇಂಗ್ಲಿಷ್ ಭಾಷಾ ವಿದ್ವಾಂಸ ಇವೆರಡೂ ಬಹುಶಃ ಈಗ ಉಳಿದಿಲ್ಲದ ಯಾವುದೋ ಒಂದು ಮೂಲದಿಂದ ಬಂದಿರಬೇಕು ಅಂತ ಹೇಳಿಯಾಗಿದೆ). ಆಗ ಒಬ್ಬಳು ‘ಪೀಡಿಯಾಟ್ರಿಷಿಯನ್ ಅಂದ್ರೆ ಕಾಲು ಡಾಕ್ಟ್ರಾ?’ ಅಂದ್ಲು. ಅದು ಗ್ರೀಕ್‌ನ ಬೇರೆ ಪದ, ಮಗು ಅಂತ ಅರ್ಥ, ಬ್ರಿಟಿಷ್ ಸ್ಪೆಲ್ಲಿಂಗ್‌ನಲ್ಲಿ ಎ ಅಕ್ಷರ ಉಳ್ಕೊಂಡಿರೋದ್ರಿಂದ ಗುರುತು ಸಿಗತ್ತೆ, ಅಮೆರಿಕನ್ ಸ್ಪೆಲ್ಲಿಂಗ್‌ನಲ್ಲಿ ಅಳಿಸಿ ಹೋಗಿದೆ ಅಂದೆ. ‘ಹಂಗಾದ್ರೆ ಆರ್ಥೋಪೆಡಿಕ್?’ ಅಂದ್ಲು. ನಾನೂ ಅದನ್ನ ಕಾಲು ಅಂತಲೇ ತಿಳ್ಕೊಂಡಿದ್ದೆ. ನೋಡಿದ್ರೆ ಅದೂ ಮಗೂನೇ! 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ, ಮಕ್ಕಳ ಸೊಟ್ಟ ಮೈಕಟ್ಟನ್ನ ನೆಟ್ಟಗೆ ಮಾಡೋ ವಿದ್ಯೆಗೆ ಅಂತ ಗ್ರೀಕ್‌ನ ‘ನೇರ’ ಮತ್ತು ‘ಮಗು’ ಸೇರಿಸಿ ಕಟ್ಟಿದ ಪದ. ಈಗ ಅಜ್ಜಿಯ ಮಂಡಿ ನೋವಿಗೂ ಆರ್ಥೋಪೆಡಿಕ್ ಡಾಕ್ಟ್ರ ಹತ್ರಾನೇ ಹೋಗ್ತೀವಿ.

ಅಂದ್ರೆ ಬಿಡಿಸಿದಾಗ ಬರೋ ಅರ್ಥ ಒಂದು, ಜನ ಬಳಸೋ ಅರ್ಥ ಇನ್ನೊಂದು. ಇದನ್ನ ಮೊದಲೇ ಹೇಳದೆ ಬೇರು ಮಾತ್ರ ಕಲಿಸಿದ್ರೆ ಮಕ್ಕಳು ದಾರಿ ತಪ್ತಾರೆ, ಮ್ಯಾನುಫ್ಯಾಕ್ಚರ್ ಅಂದ್ರೆ ಕೈಯಲ್ಲಿ ಮಾಡೋದು ಅಂತ ಪರೀಕ್ಷೆಯಲ್ಲಿ ಬರೀತಾರೆ. ಇದಕ್ಕೆ ನಂಗೆ ಸಿಕ್ಕ ಅತ್ಯಂತ ಒಳ್ಳೆ ಉದಾಹರಣೆ ನಮ್ಮ ಎಣ್ಣೆ. ಎಳ್ ಮತ್ತು ನೆಯ್ ಸೇರಿ ಎಣ್ಣೆ, ಅಂದ್ರೆ ಎಳ್ಳಿನ ಜಿಡ್ಡು. ಸಂಸ್ಕೃತದ ತೈಲ ಕೂಡ ತಿಲದಿಂದ್ಲೇ. ಇಂಗ್ಲಿಷಿನ ಆಯಿಲ್ ಲ್ಯಾಟಿನ್‌ನ ಓಲಿಯಂನಿಂದ, ಅದು ಗ್ರೀಕರ ಆಲಿವ್‌ನಿಂದ. ಯಾವ ಊರಲ್ಲಿ ಯಾವುದನ್ನ ಹಿಂಡ್ತಿದ್ರೋ ಅದೇ ಹೆಸರಾಯ್ತು, ಆಮೇಲೆ ಎಲ್ಲಾದಕ್ಕೂ ಹರಡ್ತು. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಅಂತೀವಿ, ಎಳ್ಳು ಮರೆತೇ ಹೋಗಿರೋದ್ರಿಂದ ‘ಎಳ್ಳೆಣ್ಣೆ’ ಅಂತ ಎಳ್ಳನ್ನ ಎರಡು ಸಲ ಸೇರಿಸ್ತೀವಿ. ಪೆಟ್ರೋಲಿಯಂ ಬಿಡಿಸಿದ್ರೆ ಕಲ್ಲಿನ ಎಣ್ಣೆ, ಅದರೊಳಗೂ ಆಲಿವ್ ಕೂತಿದೆ.

ಈಗ ಪ್ರಶ್ನೆಗೆ ಬರ್ತೀನಿ.

ರೂಟ್‌ಗೆ ನಾನು ಧಾತು ಅಂತಿದ್ದೆ. ‘ಸ್ಪೆಕ್ಟ್’ಗೆ ಸರಿ, ಅದು ಕ್ರಿಯೆ. ಆದ್ರೆ ಪೆಡ್, ಡೆಂಟ್ (ಹಲ್ಲು) ಇವೆಲ್ಲಾ ನಾಮಪದದ ಬುಡಗಳು, ನಮ್ಮ ವ್ಯಾಕರಣದ ಪ್ರಕಾರ ಕ್ರಿಯಾಪ್ರಕೃತಿಗೆ ಮಾತ್ರ ಧಾತು ಅನ್ನೋದು, ಇವು ನಾಮಪ್ರಕೃತಿ ಆಗ್ಬೇಕು. ಎರಡಕ್ಕೂ ಸೇರಿಸಿ ಪ್ರಕೃತಿ ಅಂದ್ರೆ ಮಕ್ಕಳಿಗೆ ಗಿಡ ಮರ ನೆನಪಾಗತ್ತೆ. ‘ಬೇರು’ ಅಂದ್ರೆ ಸಾಕಾ? ನಂಗೇನೋ ಅದೇ ಇಷ್ಟ, ಆದ್ರೆ ಪಾಠದಲ್ಲಿ ಬಳಸೋಕೆ ಅದಕ್ಕೆ ತೂಕ ಸಾಲತ್ತಾ ಅಂತ ನಿಮ್ಮನ್ನ ಕೇಳ್ತಿದೀನಿ.

ಎರಡನೇದು ಇನ್ನೂ ಕಷ್ಟದ್ದು. ಬಿಡಿಸಿದಾಗ ಬರೋ ಅರ್ಥಕ್ಕೆ ಯೋಗಾರ್ಥ, ಬಳಕೆಯಲ್ಲಿ ನಿಂತ ಅರ್ಥಕ್ಕೆ ರೂಢಾರ್ಥ ಅಂತ ಶಾಸ್ತ್ರದಲ್ಲೇ ಇದೆ, ಪಂಕಜ ಅಂದ್ರೆ ಕೆಸರಲ್ಲಿ ಹುಟ್ಟಿದ್ದು, ಆದ್ರೆ ಕಪ್ಪೆಗೆ ಪಂಕಜ ಅನ್ನಲ್ಲ, ತಾವರೆಗೆ ಮಾತ್ರ, ಅದು ಯೋಗರೂಢಿ. ತುಂಬಾ ಚೆನ್ನಾಗಿರೋ ವಿಂಗಡಣೆ, ನಂಗೆ ಬಿಡೋಕೆ ಮನಸ್ಸಿಲ್ಲ. ಆದ್ರೆ ಮಕ್ಕಳು ಸ್ಕೂಲಲ್ಲಿ ಓದೋ ರೂಢನಾಮ ಅಂದ್ರೆ ನದಿ, ಪರ್ವತ, ಊರು ಅನ್ನೋ ಸಾಮಾನ್ಯ ಹೆಸರು, ಆ ರೂಢಿಗೂ ಈ ರೂಢಿಗೂ ಗೊಂದಲ ಆಗ್ತಿದೆ. ಸದ್ಯಕ್ಕೆ ‘ಬಿಡಿಸಿದರ್ಥ’, ‘ಬಳಕೆಯರ್ಥ’ ಅಂತ ಹೇಳ್ತಿದೀನಿ. ಕಿವಿಗೆ ಒಪ್ಪತ್ತಾ? ಇದಕ್ಕಿಂತ ಒಳ್ಳೆ ಪದ ಯಾರಾದ್ರೂ ಬಳಸಿದೀರಾ? ಹಾಗೇ ಎಣ್ಣೆ ತರಹ, ಹುಟ್ಟಿದ ಅರ್ಥ ಮರೆತು ಬಳಕೆ ಎಲ್ಲಾ ಕಡೆ ಹರಡಿರೋ ಅಚ್ಚಗನ್ನಡ ಪದಗಳು ಇನ್ನೂ ನಾಕೈದು ಗೊತ್ತಿದ್ರೆ ದಯವಿಟ್ಟು ಹೇಳಿ, ಮುಂದಿನ ಸೋಮವಾರದ ಪಾಠಕ್ಕೆ ಬೇಕು.