ಟಿಬಿ ಡ್ಯಾಮ್ ನೀರು: ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ಯಾಕೆ?

ಹಿನ್ನೀರಿನ ಹುಡುಗ:
ನಮ್ಮ ಮನೆ ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿದೆ. ಅಪ್ಪ ತೆಪ್ಪದಲ್ಲಿ ಮೀನು ಹಿಡಿಯುತ್ತಾರೆ. ಏಪ್ರಿಲ್‌ನಲ್ಲಿ ನೀರಿಗಿಳಿದರೆ ಮೇಲೆ ಸ್ನಾನದ ನೀರಿನ ಹಾಗಿರುತ್ತದೆ, ಮುಳುಗು ಹಾಕಿದರೆ ಜುಮ್ ಅನ್ನುತ್ತದೆ. ಜನವರಿಯಲ್ಲಿ ಮೇಲೂ ಕೆಳಗೂ ಒಂದೇ ತರ.

ಇನ್ನೊಂದು. ಜುಲೈನಲ್ಲಿ ಕೆಮ್ಮಣ್ಣು ಕಲಸಿದ ನೀರು ಬರುತ್ತದೆ ಅಲ್ವಾ? ಮೊದಲ ಒಂದೆರಡು ದಿನ ಡ್ಯಾಮ್ ಕಡೆ ಮೇಲ್ನೀರು ತಿಳಿಯಾಗೇ ಇತ್ತು. ಆದರೆ ಬಲೆ ಎತ್ತಿದರೆ ಮೇಲೆ ತೇಲುವ ಬೆಂಡಿನ ಕಡೆ ಸ್ವಚ್ಛ, ಕೆಳಗೆ ಮುಳುಗುವ ಗುಂಡಿನ ಕಡೆ ಕೆಸರು. ‘ಹೊಸ ನೀರು ಅಡಿಯಲ್ಲಿ ನುಗ್ಗುತ್ತದೆ’ ಅಂತಾರೆ ಅಪ್ಪ. ನಿಜಾನಾ?

ಫಿಲ್ಟರ್ ಹೌಸ್ ಮಾಮ:
ನಿಮ್ಮಪ್ಪ ಹೇಳಿದ್ದು ಸರಿ ಕಣಪ್ಪ. ಮಳೆನೀರು ತಂಪು, ಜೊತೆಗೆ ಮಣ್ಣಿನ ಭಾರ. ಅದಕ್ಕೇ ಬೆಚ್ಚಗಿನ ಹಗುರ ನೀರಿನ ಅಡಿಗೆ ಜಾರಿ, ಹಳೇ ಹೊಳೆಯ ಪಾತ್ರ ಹಿಡಿದು ಮುಂದೆ ಹೋಗುತ್ತದೆ.

ಬೇಸಿಗೆಯಲ್ಲಿ ಬಿಸಿಲು ಮೇಲ್ನೀರನ್ನು ಮಾತ್ರ ಕಾಯಿಸುತ್ತದೆ. ಗಾಳಿ ಕಲಕುವುದೂ ಅದನ್ನೇ. ಅಡಿಯ ನೀರಿಗೆ ಗಾಳಿ ಸೇರದೆ ಕೊಳೆತ ಮೊಟ್ಟೆಯ ವಾಸನೆ ಹಿಡಿಯಬಹುದು. ಡಿಸೆಂಬರ್ ರಾತ್ರಿಗಳಲ್ಲಿ ಮೇಲ್ನೀರು ತಣಿದು, ಭಾರವಾಗಿ ಇಳಿಯುತ್ತದೆ. ಆಗ ಎಲ್ಲಾ ಬೆರೆತುಹೋಗುತ್ತದೆ.

ಹೊಳೆ ಬಂದು ಸೇರುವಲ್ಲೇ ಮರಳು ಕೂತುಬಿಡುತ್ತದೆ. ನೀರು ಶುದ್ಧ ಮಾಡುವ ನಮ್ಮಂಥವರಿಗೆ ಕಾಟ ಕೊಡೋದು ನುಣ್ಣನೆ ಜೇಡಿ. ಅದರ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ವಾರಗಟ್ಟಲೆ ತೇಲುತ್ತವೆ. ಆಲಂ (ಪಟಿಕ) ಹಾಕಿದರೆ ಅಂಟಿಕೊಂಡು, ಒಡೆದ ಹಾಲಿನ ಹಾಗೆ ಗಟ್ಟಿಯಾಗಿ ಕೂರುತ್ತವೆ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಜಾರ್‌ಗಳಲ್ಲಿ ಕಲಕಿ ನೋಡಿಯೇ ಎಷ್ಟು ಆಲಂ ಅಂತ ನಿರ್ಧರಿಸುತ್ತಿದ್ದೆವು. ನಿನ್ನೆಯ ಲೆಕ್ಕ ಇವತ್ತಿಗೆ ಆಗುತ್ತಿರಲಿಲ್ಲ.

ಕಾಲುವೆ ಕೊನೆ ರೈತ:
ನಿಮಗೆ ನೀರಿನ ಬಣ್ಣದ ಚಿಂತೆ, ನಮಗೆ ನೀರಿನದ್ದೇ ಚಿಂತೆ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮ್, 2016ರ ಸರ್ವೆಯಲ್ಲಿ 105.788ಕ್ಕೆ ಇಳಿದಿತ್ತು. ಉಳಿದದ್ದು ಹೂಳು ರೀ!

ಹಿನ್ನೀರಿನ ಹುಡುಗ:
ಮಾಮ, ಅಡಿಯ ನೀರು ತೆಗೆಯೋದು ಹೇಗೆ? ಬಾಟಲಿ ಇಳಿಸಿದರೆ ಮೇಲ್ನೀರೇ ತುಂಬಿಕೊಂಡು ಬರುತ್ತದೆ.

ಫಿಲ್ಟರ್ ಹೌಸ್ ಮಾಮ:
ಬಾಟಲಿಗೆ ಕಲ್ಲು ಕಟ್ಟು. ಬಿರಡೆ ಹಾಕಿ, ಬಿರಡೆಗೇ ಇನ್ನೊಂದು ದಾರ ಕಟ್ಟು. ಬೇಕಾದ ಆಳಕ್ಕೆ ಇಳಿಸಿದ ಮೇಲೆ ಆ ದಾರ ಎಳೆ. ಗುಳುಗುಳು ಗುಳ್ಳೆ ನಿಂತರೆ ತುಂಬಿತು ಅಂತ. ತೆಪ್ಪಕ್ಕೆ ಎತ್ತಿದ ಕೂಡಲೇ ಥರ್ಮಾಮೀಟರ್ ಹಾಕು, ಬಿಸಿಲಲ್ಲಿ ಇಡಬೇಡ.

ಹಿನ್ನೀರಿನ ಹುಡುಗ:
ಮೇಲೆ 30 ಡಿಗ್ರಿ, ನಲವತ್ತು ಅಡಿ ಆಳದಲ್ಲಿ 26! ಅಪ್ಪ ‘ಇದಕ್ಕೆ ಬಾಟಲಿ ಬೇಕಿತ್ತಾ’ ಅಂದರು. ಆದರೂ ಎರಡನೇ ಸಲ ದಾರ ಎಳೆದದ್ದು ಅವರೇ.